ಕಂಬಿ ಬಿಡದ ಇಲಿ, ಮಾತಾಡದ ವರ

"ನಾ ಪಸಂದ್ ಬೀಳಲಿಲ್ಲಂದ್ರ ಬಾಯಿ ಬಿಟ್ಟು ಹೇಳ್ರಿ! ಹಿಂಗ ಕಲ್ಲಿನಂಗ ಕುಂಡ್ರಬ್ಯಾಡ್ರಿ!"

ಅನುಸೂಯಾಳ ಈ ಮಾತಿಗೆ, ಬೇಡಕಿಹಾಳದ ಅವಳ ಮನೆಯ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದ ಹಿರಿಯರೆಲ್ಲ ದಂಗಾದರು. ಕನ್ಯೆ ನೋಡಲು ಕಾಗವಾಡದಿಂದ ಬಂದಿದ್ದ ಶಿವರಾಜ ಮಾತ್ರ ಕತ್ತನ್ನೂ ತಿರುಗಿಸಲಿಲ್ಲ.

ತಿಂಗಳಿಡೀ ಫೋನಿನಲ್ಲಿ ನಗಿಸಿದವನು ಇವನೇ ಏನು? ಮುಖದಲ್ಲಿ ಒಂದು ಗೆರೆಯೂ ಅಲುಗದು!

"ಹಂಗೇನಿಲ್ರಿ..." ಎಂದ, ನಾಲಿಗೆ ದಪ್ಪಗಾದಂತೆ.

"ಸಾಕ್ರಿ! ಈ ಸಂಬಂಧ ನನಗ ಬ್ಯಾಡ," ಎಂದು ಅನುಸೂಯಾ ದಡದಡನೆ ಒಳಗೆ ಹೋದಳು.

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು.

ನಾಲ್ಕನೆಯ ದಿನ ಚಿಕ್ಕೋಡಿಯ ಕಾಲೇಜಿನ ಪ್ರಯೋಗಾಲಯಕ್ಕೆ ಹೋದಳು. ಅವಳ ಸಂಶೋಧನೆ ಮನೋರೋಗದ ಔಷಧಿಗಳ ಮೇಲೆ. ಇಲಿಗಳ ಮುಂಗಾಲನ್ನು ಸಣ್ಣ ಕಂಬಿಯ ಮೇಲಿಟ್ಟಳು. ಔಷಧಿ ಕೊಡದ ಇಲಿ ತಕ್ಷಣ ಕೆಳಗಿಳಿಯಿತು. ಕೊಟ್ಟದ್ದು ಒಂದು ನಿಮಿಷ... ಎರಡು ನಿಮಿಷ... ಇಟ್ಟ ಹಾಗೇ ಇತ್ತು.

"ಭಾಳ ಮೈಗಳ್ಳ ಐತ್ರಿ ಇದು!" ಎಂದು ಪಂಜರ ತೊಳೆಯುವ ಸತ್ಯಪ್ಪ ನಕ್ಕ.

"ಅಲ್ಲ ಕಾಕಾ. ಇಳೀಬೇಕಂತ ಅದಕ್ಕೂ ಐತಿ. ಮೈ ಅಲ್ಲಾಡಸೂ ಸುದ್ದಿ ಮೆದುಳಿನ ಜೀವಕೋಶಕ್ಕ ಮುಟ್ಟದಂಗ ಔಷಧಿ ಅಡ್ಡ ನಿಂತೈತಿ. ಮೈ ಬಿರುಸಾಗೇತಿ. ಅದರ ತಪ್ಪಲ್ಲ..."

ಅವಳು ಬಗ್ಗಿ ಇಲಿಯನ್ನೇ ನೋಡಿದಳು.

ಅಯ್ಯೋ... ಶಿವರಾಜನ ಆ ತಿರುಗದ ಕತ್ತು! ಆ ದಪ್ಪ ನಾಲಿಗೆ!

ಸಂಜೆಯೊಳಗೆ ಅವಳ ಸ್ಕೂಟಿ ಕಾಗವಾಡದಲ್ಲಿ, ಶಿವರಾಜನ ದ್ರಾಕ್ಷಿ ತೋಟದಲ್ಲಿತ್ತು.

"ಯಾವ ಗುಳಿಗಿ ನುಂಗ್ತೀರಿ? ಖರೆ ಹೇಳ್ರಿ!"

ಶಿವರಾಜ ಬಳ್ಳಿ ಬಿಟ್ಟು ತಲೆ ತಗ್ಗಿಸಿದ.

"ಎರಡು ವರ್ಷದ ಹಿಂದ ಕಿವ್ಯಾಗ ಯಾರೋ ಮಾತಾಡಿದಂಗ ಆಗ್ತಿತ್ರಿ. ಗುಳಿಗಿಯಿಂದ ಆರಾಮಾಗೇನಿ. ಅವತ್ತು ಸುಮ್ಮ ಕುಂಡ್ರಲಿ ಅಂತ ನಮ್ಮವ್ವ ಒಂದರ ಬದಲಿ ಎರಡು ಕೊಟ್ಟಳು. ಮೈಯೆಲ್ಲಾ ಬಿಗದು ಬಿಡ್ತು..."

"ಮುಚ್ಚಿಟ್ರಲ್ಲ, ಅದಕ್ಕ ಸಿಟ್ಟೈತಿ ನನಗ!"

"ಇನ್ನ ಮುಚ್ಚಿಡೂದು ಏನೂ ಇಲ್ರಿ. ನಾಲ್ಕು ದಿನಾ ಆತು, ಗುಳಿಗಿ ಮುಟ್ಟಿಲ್ಲ. ನಿಮ್ಮ ಮುಂದ ಮನಷ್ಯಾನಂಗ ಕುಂಡ್ರಬೇಕಂತ..."

ಅನುಸೂಯಾ ಅವನ ಮುಖ ದಿಟ್ಟಿಸಿದಳು. ಅವನ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಯಾರ್ನ ಕೇಳಿ ಬಿಟ್ರಿ? ಮತ್ತ ಆ ದನಿ ಬಂದ್ರ? ನಾ ಯಾರ ಕೂಡ ಮಾತಾಡ್ಲಿ ಆವಾಗ?" ಅವಳು ಸ್ಕೂಟಿಯ ಕೀಲಿ ತೆಗೆದಳು. "ಮೈ ಬಿಗಿದ್ರ ಪ್ರಮಾಣ ಬದಲಿ ಮಾಡ್ತಾರ, ಬ್ಯಾರೆ ಗುಳಿಗಿ ಕೊಡ್ತಾರ. ಅದು ಡಾಕ್ಟರ್ ಕೆಲಸ. ನಿಮ್ಮವ್ವಂದೂ ಅಲ್ಲ, ನಿಮ್ದೂ ಅಲ್ಲ! ಹತ್ರಿ ಗಾಡಿ. ಈಗ ಮಿರಜದ ದವಾಖಾನಿಗೆ ಹೋಗೂನು."

ಅವನು ಹಿಂದೆ ಕೂತ. ಮೆಲ್ಲಗೆ ಕೇಳಿದ:

"ಜೋಡಿ ಬಂದಾಕಿ ಯಾರಂತ ಡಾಕ್ಟರ್ ಕೇಳಿದ್ರ... ಏನ್ ಹೇಳ್ಲಿ?"

"ಹೇಣ್ತಿ ಆಗಾಕಿ ಅನ್ರಿ," ಎಂದು ಅವಳು ಗಾಡಿ ಚಾಲೂ ಮಾಡಿದಳು. "ಗಟ್ಯಾಗಿ ಹಿಡ್ಕೊಳ್ರಿ."