ಅಖಿಲನ ಫೋನಿನ ತೊಟ್ಟಿಲು

ಅಖಿಲನ ಮದುವೆಯನ್ನೇ ಅಲುಗಾಡಿಸಿದ ತೊಟ್ಟಿಲಿನ ಕೀಟಲೆ ಯಾರದ್ದೆಂದು ಕಾಪುವಿನಲ್ಲಿ ಯಾರನ್ನಾದರೂ ಕೇಳಿ ಸ್ವಾಮಿ, ನನ್ನ ಹೆಸರೇ ಹೇಳುತ್ತಾರೆ. ಹೀರೋ ನಾನೇ, ಡೈರೆಕ್ಟರೂ ನಾನೇ!

ಗೆಳೆಯ ಅಖಿಲನ ಫೋನ್ ಎಗರಿಸಿ, ಅಂಗಡಿ ಸೈಟುಗಳನ್ನು ತೆರೆದು, ಕುಕೀ ಕೇಳಿದಲ್ಲೆಲ್ಲ ‘ಒಪ್ಪಿದೆ’ ಎಂದು ಒತ್ತಿದ್ದೆ. ನಾವು ನೋಡಿದ್ದನ್ನು ಸೈಟಿನ ಕುಕೀ ನೆನಪಿಟ್ಟುಕೊಂಡರೆ ಅದರದ್ದೇ ಜಾಹೀರಾತು ಬೆನ್ನು ಬಿಡುವುದಿಲ್ಲವಲ್ಲ.

ಮರುದಿನ ಅಖಿಲ ಅಳುಮುಖದಲ್ಲಿ ಬಂದ.

“ಎಂತ ಮಾಡಿದ್ದು ಮಾರಾಯ? ಫೋನಿನಲ್ಲಿ ಎಲ್ಲಿ ನೋಡಿದರೂ ತೊಟ್ಟಿಲಿನ ಜಾಹೀರಾತು! ಯಾರ ಮಗುವಿಗೆ ಅಂತ ನಾನು ಮದುವೆಯಾಗುವ ಪ್ರಣೀತಾ ಕೇಳ್ತಾಳೆ. ಮದುವೆಯೇ ಬೇಡ ಅಂತಿದ್ದಾಳೆ.”

ಅವನ ಫೋನಿನ ಸೆಟ್ಟಿಂಗಿಗೆ ಹೋಗಿ ಕುಕೀಗಳನ್ನೆಲ್ಲ ಅಳಿಸಿದೆ. ಹೊರಗಿನ ಸೈಟುಗಳ ಕುಕೀಗಳನ್ನೂ ತಡೆದೆ. ಆದರೂ ತೊಟ್ಟಿಲು ಹೋಗಲಿಲ್ಲ. ಅದರ ಕೆಳಗೆ ಅಂಗಡಿಯ ಹೆಸರಿರಲಿಲ್ಲ, ಒತ್ತಿದರೆ ಏನೂ ತೆರೆಯಲಿಲ್ಲ. ಫೋನ್ ಸೈಲೆಂಟಿನಲ್ಲಿದ್ದರೂ ತೊಟ್ಟಿಲಿನ ಹಗ್ಗ ಕಿರ್ರೆನ್ನುತ್ತಿತ್ತು. ಕಾಪುವಿನ ಸೆಕೆಯಲ್ಲೂ ಫೋನಿನ ಪರದೆ ಮೀನಿಗೆ ಹಾಕುವ ಐಸಿನಂತೆ ತಣ್ಣಗಿತ್ತು.

ಪ್ರಣೀತಾಳಿಗೆ ಫೋನ್ ಮಾಡಿದೆ. “ಅತ್ತಿಗೆ, ಅದು ನನ್ನ ಕೀಟಲೆ. ಅವನದ್ದು ತಪ್ಪಿಲ್ಲ.”

“ನಿಮಗೆ ಬೇರೆ ಕೆಲಸ ಇಲ್ವಾ?” ಎಂದು ಬೈದು, ಕೊನೆಗೆ ನಕ್ಕಳು. ಮದುವೆ ಉಳಿಯಿತು.

ನಿಜ ಹೇಳುತ್ತೇನೆ. ಅಖಿಲನ ಕೂದಲು ಉದುರುತ್ತಿದೆಯೆಂದು ನಾನು ತೆರೆದದ್ದು ವಿಗ್ ಅಂಗಡಿಗಳನ್ನು ಮಾತ್ರ. ಕುಕೀ ಅಳಿಸಿದೊಡನೆ ವಿಗ್ಗಿನ ಜಾಹೀರಾತುಗಳು ಹೋದವು. ತೊಟ್ಟಿಲು ಮಾರುವ ಸೈಟನ್ನು ನಾನು ಇಂದಿಗೂ ತೆರೆದಿಲ್ಲ.