ಬಲಗಡೆಯ ಪದಕ

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಪ್ಲಿಮತ್ ಠಾಣೆಗೆ ದೂರು ಬಂತು. ದೂರು ಕೊಟ್ಟವರು ಹೆಸ್ಟರ್ ಲ್ಯಾನ್ಯನ್. ಮರೀನ್ ದಳಕ್ಕೆ ಲೆಫ್ಟಿನೆಂಟಾಗಿ ಸೇರಿ ಮೇಜರ್ ಜನರಲ್ ಆಗಿ ನಿವೃತ್ತರಾದ ಆಬ್ರಿ ಲ್ಯಾನ್ಯನ್ನರ ಹೆಂಡತಿ. ಮರುದಿನವೇ ಗಂಡನ ಅಂತ್ಯಕ್ರಿಯೆ. ಶವಪೆಟ್ಟಿಗೆಯ ಮೇಲಿಡಬೇಕಾದ, ಬಟ್ಟೆಪಟ್ಟಿಗೆ ಹೊಲಿದ ಎಂಟು ಪದಕಗಳ ಸಾಲಿನಲ್ಲಿ ಮೊದಲನೆಯದು, ಶೌರ್ಯಕ್ಕೆ ಕೊಟ್ಟ ಬೆಳ್ಳಿ ಶಿಲುಬೆ, ಕಾಣೆಯಾಗಿತ್ತು.

ಇನ್ಸ್‌ಪೆಕ್ಟರ್ ಮೊಯ್ರಾ ಟ್ರೆಮ್ಲೆಟ್ ಕಾನ್‌ಸ್ಟೇಬಲ್ ಪ್ಯಾಸ್ಕೊನೊಂದಿಗೆ ಅವರ ಮನೆಗೆ ಹೋಗಿ ಮಹಜರು ಮಾಡಿದಳು. ಬೀಗ ಮುರಿದಿರಲಿಲ್ಲ.

"ನಮ್ಮನೆಯವರು ಮೇಲೆ ಬಂದಿದ್ದೇ ಆ ಪದಕದಿಂದ," ಎಂದರು ಹೆಸ್ಟರ್. "ದ್ವೀಪದ ಯುದ್ಧದಲ್ಲಿ ಒಬ್ರೇ ಗುಡ್ಡ ಹತ್ತಿ ಮಷಿನ್‌ಗನ್ ಅಡಗಿಸಿದ್ರು. ಆಗಿನ್ನೂ ಕ್ಯಾಪ್ಟನ್. ಅದಿಲ್ದೆ ಹೇಗಮ್ಮಾ ಕಳಿಸ್ಲಿ ಅವರನ್ನ?"

ಮೊಯ್ರಾ ಸಾಲನ್ನು ತಿರುವಿ ನೋಡಿದಳು. ಒಂದು ಹೋದರೆ ಜಾಗ ಖಾಲಿ ಉಳಿಯಬೇಕು. ಇಲ್ಲಿ ಉಳಿದ ಏಳನ್ನೂ ಒತ್ತಾಗಿ ಸರಿಸಿ ಸಣ್ಣ ಹೊಲಿಗೆ ಹಾಕಲಾಗಿತ್ತು.

"ಕದ್ದಮೇಲೆ ಕೂತು ಹೊಲಿಯೋ ಕಳ್ಳನ್ನ ನೋಡಿದೀಯಾ, ಪ್ಯಾಸ್ಕೊ?"

"ನಮ್ಮಪ್ಪ ಮರೀನು, ಮೇಡಂ. ಕಿತ್ತೋದ ಗುಂಡೀನ ಅಮ್ಮನ ಕೈಗೆ ಕೊಟ್ಟೋರಲ್ಲ. ಸೂಜಿ ದಾರ ಸಾಯೋವರ್ಗೂ ಜೇಬಲ್ಲೇ ಇತ್ತು."

ಮೊಯ್ರಾ ಹೆಸ್ಟರ್ ಕಡೆ ತಿರುಗಿದಳು. "ಈ ಮನೆ ಕೀಲಿ ಬೇರೆ ಯಾವ ಮರೀನ್ ಹತ್ರ ಇದೆ?"

"ಸಾರ್ಜೆಂಟ್ ಹ್ಯಾನಫರ್ಡ್ ಹತ್ರ. ಇವರ ಡ್ರೈವರ್ ಆಗಿದ್ರು. ಛೆ, ಅವರ ಮೇಲೆ ಅನುಮಾನಾನಾ?"

ಡಿಕ್ ಹ್ಯಾನಫರ್ಡ್ ತನ್ನ ಮನೆ ಬಾಗಿಲಲ್ಲೇ ನೆಟ್ಟಗೆ ನಿಂತಿದ್ದ, ಕಾಯುತ್ತಿದ್ದವನ ಹಾಗೆ.

"ತೆಗೆದದ್ದು ನೀವಾ?"

"ನಾನೇ."

"ಮತ್ತೆ ಹೊಲಿದದ್ಯಾಕೆ?"

"ಹಲ್ಲುದುರಿದ ಬಾಯಿ ಥರ ಬಿಡೋದಾ, ಸಾಹೇಬ್ರ ಪೆಟ್ಟಿಗೆ ಮೇಲೆ? ಅವರ ಉಪ್ಪು ತಿಂದಿದೀನಿ. ಕೈ ಕೇಳ್ಲಿಲ್ಲ."

"ಪದಕ ಎಲ್ಲಿ?"

ಮುದುಕ ಕೋಟು ಹಾಕಿಕೊಳ್ಳುತ್ತ ಹೇಳಿದ. "ಗುಡ್ಡ ಹತ್ತಿದ್ದು ಕಾಲಿನ್ ಟ್ರಿಲೋರ್ ಅನ್ನೋ ಹುಡುಗ. ನಾವು ಮೇಲೆ ಹೋಗೋ ಹೊತ್ತಿಗೆ ಗನ್ನೂ ಸುಮ್ಮನಾಗಿತ್ತು, ಹುಡುಗನೂ ಸುಮ್ಮನಾಗಿದ್ದ. ಸಾಹೇಬ್ರು ಕೆಟ್ಟೋರಲ್ಲ, ಮೇಡಂ. ಜನ ಹೊಗಳಿದ್ರು, ಇವರು ಅಲ್ಲ ಅನ್ಲಿಲ್ಲ. ನಾನೂ ಅನ್ಲಿಲ್ಲ. ಅವನಕ್ಕ ಎಡ್ನಾ ಪ್ರತಿ ನವೆಂಬರ್, ಸತ್ತ ಸೈನಿಕರ ನೆನಪಿನ ದಿನ, ಸ್ಮಾರಕದ ಹತ್ರ ನಿಲ್ತಾಳೆ, ಎದೆ ಮೇಲೆ ಒಂದು ಪದಕಾನೂ ಇಲ್ದೆ."

ಮೂವರೂ ಎಡ್ನಾ ಮನೆಗೆ ಹೋದರು. ಎಪ್ಪತ್ತು ದಾಟಿದ ಹೆಂಗಸು ಬಾಗಿಲು ತೆಗೆದಳು. ಬೆಳ್ಳಿ ಶಿಲುಬೆ ಅವಳ ಸ್ವೆಟರಿನ ಬಲಗಡೆಯಲ್ಲಿತ್ತು. ತಾನು ಗಳಿಸಿದ್ದು ಎಡಕ್ಕೆ, ಸತ್ತವರದು ಬಲಕ್ಕೆ. ಆ ಊರಲ್ಲಿ ಇದು ಮಕ್ಕಳಿಗೂ ಗೊತ್ತು.

"ಬಾ ಡಿಕ್. ಪೊಲೀಸ್ನೋರ್ಗೂ ತೋರ್ಸೋಕೆ ಕರ್ಕೊಂಡ್ಬಂದ್ಯಾ? ನೋಡಮ್ಮಾ, ಕೊನೆಗೂ ಸರ್ಕಾರದೋರು ಕಳಿಸಿದಾರೆ. ಅಮ್ಮ ಇದ್ದಿದ್ರೆ..."

ಮೊಯ್ರಾ ಹ್ಯಾನಫರ್ಡ್ ಕಡೆ ತಿರುಗಿದಳು. ಎಡ್ನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಇದು ಅವನದಲ್ವಾ, ಡಿಕ್?"

"ಅವನದೇ, ಎಡ್ನಾ. ಕಳಿಸಿದ್ದು ಮಾತ್ರ ನಾನು."

ಎಡ್ನಾ ತಾನೇ ಪಿನ್ನು ಬಿಚ್ಚಿ ಪದಕವನ್ನು ಮೊಯ್ರಾಳ ಕೈಗಿಟ್ಟಳು. ಹನ್ನೆರಡೂವರೆಗೆ ಹ್ಯಾನಫರ್ಡ್‌ನ ಬಂಧನವಾಯಿತು. ಅವನಿಗೆ ಜನರಲ್ ಮೇಲೆ ದ್ವೇಷವಿರಲಿಲ್ಲ. ಸಾಹೇಬರನ್ನೂ ಕಾಲಿನ್‌ನನ್ನೂ ಸರಿಯಾಗಿ ಕಳಿಸಿಕೊಡಬೇಕೆಂದಷ್ಟೇ ಇತ್ತು.

ಸಂಜೆ ಮೊಯ್ರಾ ನಡೆದದ್ದನ್ನೆಲ್ಲ ಹೆಸ್ಟರ್‌ಗೆ ತಿಳಿಸಿ ಪದಕ ಮುಂದಿಟ್ಟಳು. ಹೆಸ್ಟರ್ ಅದನ್ನು ಮುಟ್ಟಲಿಲ್ಲ, ಉಳಿದ ಪದಕಗಳ ಸಾಲನ್ನು ಕೈಗೆತ್ತಿಕೊಂಡರು.

"ಹೊಲಿಗೆ ಚೆನ್ನಾಗಿದೆ," ಎಂದರು. "ಬಿಚ್ಚೋದು ಬೇಡ."

ಮರುದಿನ ಪೆಟ್ಟಿಗೆಯ ಮೇಲೆ ಏಳೇ ಪದಕಗಳಿದ್ದವು.