ಖಾಲಿ ವೇರಿಯಬಲ್

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಹೇಳಿಕೊಳ್ಳಲು ನನಗೇ ನಾಚಿಕೆ. 2001ರಲ್ಲಿ ಹೈದರಾಬಾದಿನ ಆಫೀಸಿನಲ್ಲಿ ಸಹೋದ್ಯೋಗಿ ಅಮೋಲ್‌ಗೂ ನನಗೂ ಯುನಿಕ್ಸ್ ಕಂಪ್ಯೂಟರಿನ ಲಾಗಿನ್ ಒಂದೇ. ಅಳಿಸಬೇಕಾದ ಫೋಲ್ಡರಿನ ಹೆಸರನ್ನು ನಾನು ವೇರಿಯಬಲ್ ಎಂಬ ಒಂದು ಖಾನೆಯಲ್ಲಿಟ್ಟು, ಅದು ಅಳಿಸುವ ಸ್ಕ್ರಿಪ್ಟಿಗೆ ಸಿಗುವಂತೆ ಎಕ್ಸ್‌ಪೋರ್ಟ್ ಮಾಡಲು ಮರೆತೆ. ಹೆಸರು ಸಿಗದ ಸ್ಕ್ರಿಪ್ಟು ಇಡೀ ಪ್ರಾಜೆಕ್ಟನ್ನೇ ಅಳಿಸಿತು. ಮ್ಯಾನೇಜರ್ ಕೇಳಿದಾಗ ಅಮೋಲ್‌ನ ಹೆಸರು ಹೇಳಿದೆ.

ಕೆಲಸ ಕಳೆದುಕೊಂಡ ದಿನ ಅವನು ಲವಂಗ ಜಗಿಯುತ್ತ ನನ್ನ ಮೇಜಿನ ಬಳಿ ನಿಂತ.

“ಖರೇ ಹೇಳ್ರಿ ಕೃಪಾ, ಮರತವರು ಯಾರು?”

ನಾನು ಟೈಪ್ ಮಾಡುತ್ತಲೇ ಇದ್ದೆ. ತಿಂಗಳೊಳಗೆ ಅವನು ಕಾಚಿಗೂಡದ ಲಾಡ್ಜಿನಲ್ಲಿ ಜ್ವರ ಬಂದು ತೀರಿಕೊಂಡ.

ಮರುದಿನ ನನ್ನ ಕೀಬೋರ್ಡ್ ಲವಂಗದ ವಾಸನೆ ಹೊಡೆಯುತ್ತಿತ್ತು. ಆದೇಶ ಟೈಪಿಸುವ ಶೆಲ್‌ನಲ್ಲಿ ವೇರಿಯಬಲ್‌ಗಳ ಪಟ್ಟಿ ತೆಗೆದರೆ ಕೊನೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಯಾರು=’ ಎಂದಿತ್ತು, ಮುಂದೆ ಖಾಲಿ. ಶೆಲ್ ಮುಚ್ಚಿದರೆ ಅಳಿಯಬೇಕಾದದ್ದು, ಹೊಸ ಶೆಲ್‌ನಲ್ಲೂ ಇತ್ತು. ಹೆದರಿ, ಅಲ್ಲಿಯೂ ಅಮೋಲ್‌ನ ಹೆಸರನ್ನೇ ಬರೆದೆ. ಬೆರಳಡಿಯ ಕೀಗಳು ಮಂಜಿನಂತೆ ತಣ್ಣಗಾದವು. ಅಕ್ಷರಗಳು ಒಂದೊಂದಾಗಿ ಅಳಿದವು.

ಆಮೇಲೆ ಮೂರು ಕಂಪನಿ ಬದಲಿಸಿದೆ. ಮೊನ್ನೆ ಮಗಳು ತನ್ನ ಹೊಸ ಲ್ಯಾಪ್‌ಟಾಪ್ ತಂದು, ಶೆಲ್ ತೆರೆದು ತೋರಿಸಿದಳು. “ಅಮ್ಮಾ, ಇಲ್ಲಿ ‘ಯಾರು’ ಅಂತಿದೆ, ಮುಂದೆ ಏನೂ ಇಲ್ಲ. ನೀನು ಹಾಕಿದ್ದಾ?”

“ನನಗೇನು ಗೊತ್ತು?” ಎಂದೆ.

ಅವಳು ಕೀಬೋರ್ಡಿಗೆ ಬಗ್ಗಿ ಮೂಸಿದಳು. “ಲವಂಗ ಯಾರು ತಿಂದ್ರು?”